ಅರಗಿನ ಮುದ್ರೆಯ ಈಚೆಗೆ

ಕಳೆದ ಬೇಸಗೆಯಲ್ಲಿ ನನ್ನ ತಂಗಿಯ ಮಗಳು ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ತಿಂಗಳು ಇದ್ದಳು. ಅವಳು ಓದುತ್ತಿರುವುದು ವಿಧಿವಿಜ್ಞಾನ. ವಿಧಿಯೆಂದರೆ ಹಣೆಯ ಬರಹವೆಂದೇ ತಿಳಿದಿದ್ದ ನನ್ನ ಮನೆಯಾಕೆ, ಹುಡುಗಿಯು ಜ್ಯೋತಿಷವನ್ನು ಕಲಿಯುತ್ತಿರುವಳೆಂದು ನೆರೆಯವರಿಗೆಲ್ಲ ಹೇಳಿಬಿಟ್ಟಿದ್ದಳು! ಇಲ್ಲಿ ವಿಧಿಯೆಂದರೆ ಕಾನೂನು. ರಸಾಯನ, ಜೀವಶಾಸ್ತ್ರ ಮೊದಲಾದವುಗಳ ನೆರವಿನಿಂದ ನ್ಯಾಯಸ್ಥಾನದಲ್ಲಿ ಸತ್ಯವನ್ನು ತೋರಿಸಿಕೊಡುವ ಶಾಸ್ತ್ರವಿದು. ಕಾಲೇಜಿನ ನಿಯಮದಂತೆ ವಿದ್ಯಾರ್ಥಿಗಳು ಒಂದು ಪ್ರಯೋಗಾಲಯದಲ್ಲಿ ಕೆಲವು ಕಾಲ ಇದ್ದು ಕೆಲಸವನ್ನು ಅರಿತು ಬರಬೇಕು. ಇದಕ್ಕೆ ಇಂಟರ್ನ್‌ಶಿಪ್ ಎಂದು ಹೆಸರು. ನಮ್ಮ ಹಿಂದಿನವರ ಮಾತಿನಲ್ಲಿ ಉಮೇದುವಾರಿ.

ಮೊದಲನೆಯ ವಾರ ಕಳೆಯುವುದರೊಳಗೇ ಅವಳು ಕಣ್ಣೀರು ತಂದುಕೊಂಡು, “ಮಾವ, ನಾನು ಊರಿಗೆ ಹೊರಟುಹೋಗುತ್ತೇನೆ. ಅಲ್ಲಿ ನನಗೆ ಏನನ್ನೂ ಮುಟ್ಟಗೊಡುವುದಿಲ್ಲ. ಗಾಜಿನ ಪಾತ್ರೆ ತೊಳೆಯುವುದು, ರಿಜಿಸ್ಟರು ಬರೆಯುವುದು, ಇಷ್ಟೇ” ಎಂದಳು. ರಾತ್ರಿ ತಂಗಿಯು ಫೋನಿನಲ್ಲಿ, “ಅಣ್ಣಾ, ಹೆಣ, ರಕ್ತ ಎಂದು ಓದುವ ಈ ವಿದ್ಯೆಯೇ ನನಗೆ ಬೇಡವಾಗಿತ್ತು. ಈಗ ಅದನ್ನೂ ಕಲಿಸುವುದಿಲ್ಲವಂತೆ. ಬಿಡಿಸಿ ಕಳುಹಿಸಿಬಿಡು” ಎಂದಳು. ಇದು ಸಾಲದೆಂಬಂತೆ, ಅವಳ ಸಹಪಾಠಿಯೊಬ್ಬಳು ಯಾರಿಗೋ ಹಣ ಕಟ್ಟಿ, ಎರಡು ಮಧ್ಯಾಹ್ನ ಫೋನಿನ ಮುಂದೆ ಕುಳಿತು, ಹೊನ್ನಂಚಿನ ಪ್ರಮಾಣಪತ್ರವನ್ನು ಮನೆಗೇ ತರಿಸಿಕೊಂಡಿದ್ದಳು.

ನಿಜ ಹೇಳಬೇಕೆಂದರೆ, ನನಗೂ ಹುಡುಗಿಯ ದೂರು ನ್ಯಾಯವೆಂದೇ ತೋರಿತು. ಆದರೂ ಮೇಷ್ಟರ ಹಳೆಯ ಚಾಳಿ ಬಿಡಲಿಲ್ಲ, “ಏಕೆ ಮುಟ್ಟಬಾರದೆಂದು ಕೇಳಿದೆಯಾ?” ಎಂದೆ. ಕೇಳಿರಲಿಲ್ಲ. ಮರುದಿನ ಕೇಳಿಕೊಂಡು ಬಂದಳು.

ಪೊಲೀಸರು ಕಳುಹಿಸುವ ಮುದ್ದೆಮಾಲು ಬಟ್ಟೆಯ ಗಂಟಾಗಿ, ಅರಗಿನ ಮುದ್ರೆಯೊಡನೆ ಬರುತ್ತದೆ. ಮುದ್ರೆಯ ಮಾದರಿಯು ಬೇರೊಂದು ಕಾಗದದಲ್ಲಿರುತ್ತದೆ. ಎರಡೂ ಒಂದೇ ಎಂದು ನೋಡಿದ ಮೇಲೆಯೇ ಗಂಟನ್ನು ಬಿಚ್ಚತಕ್ಕದ್ದು. ಯಾರು ಯಾರಿಗೆ ಯಾವ ದಿನ ಕೊಟ್ಟರೆಂಬುದಕ್ಕೆಲ್ಲ ಸಹಿಯುಂಟು. ಆಪಾದಿತನ ಪರವಾದ ವಕೀಲರು ಈ ಒಂದೊಂದು ಕೈಯನ್ನೂ ಕುರಿತು ಪ್ರಶ್ನಿಸಬಹುದು. ಲೆಕ್ಕವಿಲ್ಲದ ಒಂದು ಕೈ ನಡುವೆ ಬಂದರೆ ಸಂಶಯ ಹುಟ್ಟಿತು. ಅಪರಾಧಿ ಪಾರಾಗಬಹುದು, ನಿರಪರಾಧಿಗೆ ಅನ್ಯಾಯವೂ ಆಗಬಹುದು. 1910ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಪೊಲೀಸ್ ಪ್ರಯೋಗಾಲಯವನ್ನು ತೆರೆದ ಎಡ್ಮಂಡ್ ಲೊಕಾರ್ಡ್ ಎಂಬಾತನ ತತ್ತ್ವದಂತೆ ಎರಡು ವಸ್ತುಗಳು ಒಂದನ್ನೊಂದು ತಾಗಿದಲ್ಲಿ ಪರಸ್ಪರ ಗುರುತು ಉಳಿಯುತ್ತದೆ. ಕಳ್ಳನ ಕೈಗೆ ಅನ್ವಯಿಸುವ ಈ ಮಾತು ಕಲಿಯುವವಳ ಕೈಗೂ ಅನ್ವಯಿಸುವುದಷ್ಟೆ!

ಹುಡುಗಿ ಉಳಿದಳು. ಎರಡನೆಯ ವಾರದಿಂದ ಅವಳಿಗೆಂದೇ ಸಿದ್ಧಪಡಿಸಿದ ನಕಲಿ ಮಾದರಿಗಳು ದೊರೆತುವು. ಕಲೆಯ ಮೇಲೆ ಫಿನಾಲ್ಫ್‌ಥಲೀನ್ ದ್ರಾವಣವನ್ನೂ ಆಮೇಲೆ ಹೈಡ್ರೋಜನ್ ಪೆರಾಕ್ಸೈಡನ್ನೂ ಹಾಕಿದರೆ ರಕ್ತವಿದ್ದಲ್ಲಿ ಗುಲಾಬಿ ಬಣ್ಣವೇಳುತ್ತದೆಯಂತೆ. ಆದರೆ ಕೋಳಿಯ ರಕ್ತಕ್ಕೂ ಅದೇ ಬಣ್ಣ. ಕೆಲವು ಸಸ್ಯರಸಗಳಿಗೂ ಅದೇ. ಆದುದರಿಂದ “ರಕ್ತವಿರಬಹುದು” ಎಂದಷ್ಟೇ ಬರೆದು ಮುಂದಿನ ಪರೀಕ್ಷೆಗೆ ಹೋಗಬೇಕು. ಒಂದು ದಿನ ರಿಜಿಸ್ಟರಿನಲ್ಲಿ ಅಂಕಿ ತಪ್ಪಿ, ಅಳಿಸಲು ಹೋದಳಂತೆ. ಹಿರಿಯ ವಿಜ್ಞಾನಿಯವರು ಕೈ ತಡೆದು, ತಪ್ಪು ಓದಲು ಬರುವಂತೆ ಒಂದೇ ಗೆರೆ ಎಳೆಯಿಸಿ, ಪಕ್ಕದಲ್ಲಿ ಸರಿಯಾದುದನ್ನು ಬರೆಯಿಸಿ, ಸಹಿ ತಾರೀಖು ಹಾಕಿಸಿದರಂತೆ. ಮಕ್ಕಳ ತಪ್ಪುಗಳನ್ನು ರಬ್ಬರಿನಿಂದ ಅಳಿಸುತ್ತಲೇ ಮೂವತ್ತು ವರ್ಷ ಕಳೆದ ನನಗೆ ಈ ಮಾತು ಬಹಳ ಹೊತ್ತು ಮನಸ್ಸಿನಲ್ಲಿ ನಿಂತಿತು.

ಈ ವಿದ್ಯೆ ಹೊಲಸೆಂದ ತಂಗಿಗೆ ನಾನು ಕೌಟಿಲ್ಯನ ವಿಷಯ ತಿಳಿಸಿದೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಅರ್ಥಶಾಸ್ತ್ರದಲ್ಲಿ ಹಠಾತ್ತನೆ ಸತ್ತವರ ದೇಹಕ್ಕೆ ಎಣ್ಣೆ ಪೂಸಿ ಪರೀಕ್ಷಿಸುವ ಕ್ರಮವೇ ಉಂಟು. ಇನ್ನು ಇಂದಿನ ಅವಶ್ಯಕತೆಯನ್ನು ಕೇಳಿದರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಬರಲೇಬೇಕೆನ್ನುತ್ತದೆ. ಇದನ್ನು ಏರ್ಪಡಿಸಲು ರಾಜ್ಯಗಳಿಗೆ ಐದು ವರ್ಷಗಳ ಅವಧಿಯಿದೆ. ಅಷ್ಟು ಜನ ಎಲ್ಲಿಂದ ಬರಬೇಕು? ಹೊನ್ನಂಚಿನ ಕಾಗದದವರು ಬಂದರೆ ನಮ್ಮ ಗತಿಯೇನು? ತಾಯಿತಂದೆಗಳು ಹಣ ಕಟ್ಟುವ ಮುನ್ನ, ಪ್ರಯೋಗಾಲಯ ಎಲ್ಲಿದೆ, ಯಾರ ಕೈಕೆಳಗೆ ಕಲಿಕೆ, ದಿನಚರಿಗೆ ಯಾರ ಸಹಿ ಎಂದು ಕೇಳಲು ಸಂಕೋಚಪಡಬಾರದು.

ಅಲ್ಲಿ ಕಂಡ ಮೊಕದ್ದಮೆಗಳ ಸುದ್ದಿಯನ್ನು ಮಾತ್ರ ಅವಳು ಕೊನೆಯವರೆಗೂ ಬಾಯಿಬಿಡಲಿಲ್ಲ. ನನ್ನ ಮನೆಯಾಕೆಗೆ ಇದರಿಂದ ತುಸು ಮುನಿಸೇ ಆಯಿತು.

ಹೊರಡುವ ದಿನ ಮನೆಯಾಕೆ ತಂಗಿಗೆಂದು ಒಂದು ಡಬ್ಬಿ ಚಟ್ನಿಪುಡಿ ಕೊಟ್ಟಳು. ಹುಡುಗಿಯು ಅದನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಪದಾರ್ಥ, ತೂಕ, ತಾರೀಖು, ವೇಳೆಯನ್ನು ಚೀಟಿಯಲ್ಲಿ ಬರೆದು, “ಅತ್ತೆ, ಕೊಟ್ಟವರ ಸಹಿ ಹಾಕಿ” ಎಂದಳು. ಸಾಕ್ಷಿಯೆಂದು ನಾನೂ ಹಾಕಿದೆನು.