ಆರಡಿ ಪುಟ್ಟಿಗೆ ಅಳತೆಯ ಕಾರು

ನಮ್ಮ ಮೊಮ್ಮಗಳನ್ನು ಮನೆಯಲ್ಲಿ ಎಲ್ಲರೂ ಪುಟ್ಟಿ ಎಂದೇ ಕರೆಯುತ್ತೇವೆ. ಅವಳ ಎತ್ತರ ಆರು ಅಡಿ ಒಂದು ಅಂಗುಲ. ಹೆಸರಿಟ್ಟಾಗ ಮೂರು ಕೆ.ಜಿ. ಇದ್ದಳು, ಹೀಗೆ ಬೆಳೆಯುತ್ತಾಳೆಂದು ಯಾರಿಗೆ ಗೊತ್ತಿತ್ತು? ಶಾಲೆಯ ಗ್ರೂಪ್ ಫೋಟೋದಲ್ಲಿ ಸದಾ ಹಿಂದಿನ ಸಾಲು. ಆಟೋದಲ್ಲಿ ಕೂತರೆ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಹುಡುಗರು ‘ಲೈಟ್ ಕಂಬ’ ಎಂದು ರೇಗಿಸುತ್ತಿದ್ದರು. ಹೀಗಾಗಿ ಅವಳಿಗೆ ಸ್ವಲ್ಪ ಬಗ್ಗಿ ನಡೆಯುವ ಅಭ್ಯಾಸವಾಗಿಬಿಟ್ಟಿತು. ಬಾಯಲ್ಲಿ ಯಾವಾಗಲೂ ಒಂದೇ ಮಾತು, ‘ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೋತೀನಿ.’

ಈಗ ಅವಳಿಗೆ ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನಮ್ಮ ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟಿನಲ್ಲಿ. 2023ರ ಅಕ್ಟೋಬರಿನಲ್ಲಿ ಅದು ಚಲ್ಲಘಟ್ಟದವರೆಗೆ ಹೋಯಿತು, ಅಲ್ಲಿಗೇ ನಿಂತಿತು. ಬಿಡದಿ ಇನ್ನೂ ಮುಂದೆ. ರಾತ್ರಿ ಪಾಳಿ ಮುಗಿಸಿ ಅವಳು ಬರುವ ಹೊತ್ತಿಗೆ ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಮನೆಯಲ್ಲಿ ನಾವಿಬ್ಬರು ಮುದುಕರು ಗೇಟಿನ ಸದ್ದಿಗಾಗಿ ಕಿವಿ ನಿಮಿರಿಸಿಕೊಂಡು ಕೂತಿರುತ್ತಿದ್ದೆವು. ಒಂದು ದಿನ ಅವಳೇ ಹೇಳಿದಳು: “ತಾತ, ಹಳೇ ಕಾರೊಂದು ತಗೋತೀನಿ. ಒಟ್ಟು ಐದು ಲಕ್ಷ. ಪೆಟ್ರೋಲು ಕಮ್ಮಿ ಕುಡೀಬೇಕು. ಮತ್ತೆ... ಸ್ವಲ್ಪ ಸ್ಪೋರ್ಟಿ ಆಗಿರ್ಬೇಕು.”

“ಸ್ಪೋರ್ಟಿ ಅಂದ್ರೆ ಏನಮ್ಮ?” ಎಂದಳು ಅವಳಜ್ಜಿ.

“ಆಕ್ಸಿಲರೇಟರ್ ಒತ್ತಿದ್ರೆ ‘ಬಂದೆ’ ಅನ್ಬೇಕು ಅಜ್ಜಿ. ‘ಇರು, ಬರ್ತೀನಿ’ ಅನ್ಬಾರ್ದು.”

ನಾನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಎಷ್ಟೋ ಜನರ ಕಾರು ಸಾಲದ ಕಾಗದಗಳು ನನ್ನ ಮೇಜಿನ ಮೇಲೆ ಹಾದುಹೋಗಿವೆ. ಅಷ್ಟಿದ್ದೂ ನನ್ನ ಕಾರಿನ ವಿಷಯದಲ್ಲಿ ನಾನೇ ಮೋಸಹೋದೆ. ತೊಂಬತ್ತರ ದಶಕದಲ್ಲಿ ಪಿ.ಎಫ್. ಸಾಲ ತೆಗೆದು ಒಂದು ಹಳೆಯ ಕಾರು ಕೊಂಡಿದ್ದೆ. ಹೊಸ ಸೀಟ್ ಕವರ್, ಫಳಫಳ ಪಾಲಿಷ್, ಒಳಗೆ ಮಲ್ಲಿಗೆ ಸೆಂಟು. ಎಂಟು ತಿಂಗಳಿಗೆ ಎಂಜಿನ್ ಬಿಚ್ಚಬೇಕಾಯಿತು. ಮೀಟರನ್ನು ಹಿಂದಕ್ಕೆ ತಿರುಗಿಸಿದ್ದರೆಂದು ಆಮೇಲೆ ಗೊತ್ತಾಯಿತು. ಆ ವರ್ಷ ನನ್ನ ಮಗಳಿಗೆ, ಅಂದರೆ ಪುಟ್ಟಿಯ ಅಮ್ಮನಿಗೆ, ಶಾಲೆಯ ಪ್ರವಾಸಕ್ಕೆ ಕೊಡಲು ನನ್ನ ಹತ್ತಿರ ಹಣವಿರಲಿಲ್ಲ. ಅವಳು ಅಳಲಿಲ್ಲ. ‘ಪರವಾಗಿಲ್ಲಪ್ಪ’ ಎಂದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಆದ್ದರಿಂದ ಈ ಸಲ ನಾನೂ ಪುಟ್ಟಿಯ ಜೊತೆ ಹೊರಟೆ.

ಹೊರಡುವ ಮೊದಲು ಮಕ್ಕಳಿಗೊಂದು ಒಗಟು. ನಮ್ಮ ದೇಶದ ಸಣ್ಣ ಕಾರುಗಳ ವಿವರ ನೋಡಿ. ಸ್ವಿಫ್ಟ್, ಬಲೆನೊಗಳ ಪೆಟ್ರೋಲ್ ಎಂಜಿನ್ 1197 ಸಿ.ಸಿ., ಜಾಜ್ ಮತ್ತು ಟಿಯಾಗೊ 1199 ಸಿ.ಸಿ. ಬಲೆನೊದ ಉದ್ದ 3995 ಮಿಲಿಮೀಟರ್, ಪೋಲೊ 3971, ಜಾಜ್ 3955. ಬೇರೆ ಬೇರೆ ಕಂಪನಿಗಳು, ಆದರೂ ಎಲ್ಲ 1200ರ ಅಂಚಿಗೆ, 4000ದ ಅಂಚಿಗೆ ಬಂದು ನಿಂತಿವೆಯಲ್ಲ, ಯಾಕೆ?

ಉತ್ತರ ಇರುವುದು ತೆರಿಗೆಯಲ್ಲಿ. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಸಣ್ಣ ಕಾರು ಎಂದರೆ ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಮೀರಬಾರದು. ಜಿ.ಎಸ್‌.ಟಿ. ಬಂದ ಮೇಲೂ ಈ ಗೆರೆ ಉಳಿಯಿತು. ಹಾಗಾಗಿ ಎಂಜಿನ್, ಮುಂದಿನ ಸೀಟು, ಹಿಂದಿನ ಸೀಟು, ಡಿಕ್ಕಿ ಎಲ್ಲವೂ ನಾಲ್ಕು ಮೀಟರಿನೊಳಗೇ ಸೇರಬೇಕು. ಐದೂವರೆ ಅಡಿಯವರಿಗೆ ಇದರಿಂದ ಏನೂ ತೊಂದರೆಯಿಲ್ಲ. ನಮ್ಮ ಪುಟ್ಟಿಯಂಥವರು ಮಾತ್ರ ಪ್ರತಿ ಅಂಗುಲವನ್ನೂ ಅಳೆಯಬೇಕಾಗುತ್ತದೆ.

ಮೊದಲು ನೋಡಿದ್ದು ಮೈಸೂರು ರಸ್ತೆಯ ಒಂದು ಅಂಗಡಿಯಲ್ಲಿ. ಕೆಂಪು ಕಾರು. ಅಲಾಯ್ ಚಕ್ರ, ಹಿಂದೆ ರೆಕ್ಕೆ, ಮೇಲೆ ಸನ್‌ರೂಫ್. ಪುಟ್ಟಿಯ ಕಣ್ಣು ಅರಳಿತು. ಒಳಗೆ ಕೂತಳು. ಕೂದಲು ಚಾವಣಿಗೆ ತಾಗಿತು. ಸನ್‌ರೂಫ್ ಇರುವ ಕಾರುಗಳಲ್ಲಿ ಅದರ ಚೌಕಟ್ಟೇ ತಲೆಯ ಮೇಲಿನ ಜಾಗವನ್ನು ಸ್ವಲ್ಪ ನುಂಗುತ್ತದೆ. ಅವಳು ಸೀಟಿನ ಬೆನ್ನನ್ನು ಹಿಂದಕ್ಕೆ ಒರಗಿಸಿದಳು. ಈಗ ಸ್ಟೀರಿಂಗ್ ದೂರವಾಯಿತು. ಸೀಟನ್ನು ಮುಂದಕ್ಕೆ ಎಳೆದರೆ ಮೊಣಕಾಲು ಸ್ಟೀರಿಂಗಿಗೆ ಒತ್ತಿತು.

“ಪರವಾಗಿಲ್ಲ ತಾತ, ಅಡ್ಜಸ್ಟ್ ಮಾಡ್ಕೋತೀನಿ.”

ನಾನು ಬೇಡ ಎನ್ನಲಿಲ್ಲ. ದುಡ್ಡು ಅವಳದು, ಆಸೆಯೂ ಅವಳದು. “ಸರಿಯಮ್ಮ, ಎಂಜಿನ್ ಹಾಕಬೇಡ. ಕೂತಲ್ಲೇ ಇಪ್ಪತ್ತು ಸಲ ಕಾಲನ್ನು ಆಕ್ಸಿಲರೇಟರಿನಿಂದ ಬ್ರೇಕಿಗೆ ತಗೊಂಡು ಹೋಗು. ಯಾರೋ ಅಡ್ಡ ಬಂದ ಹಾಗೆ, ಬೇಗ ಬೇಗ” ಎಂದೆ.

ಅವಳು ಒತ್ತತೊಡಗಿದಳು, ನಾನು ಎಣಿಸತೊಡಗಿದೆ. ಐದನೆಯ ಸಲ ಮೊಣಕಾಲು ಸ್ಟೀರಿಂಗಿನ ಕೆಳಗೆ ಟಕ್ಕೆಂದಿತು. ಒಂಬತ್ತನೆಯ ಸಲ ಮತ್ತೆ. ಹನ್ನೊಂದನೆಯ ಸಲ ಕಾಲು ಸಿಕ್ಕಿಕೊಂಡು ಬ್ರೇಕ್ ತಪ್ಪಿತು. ಅವಳು ನಿಲ್ಲಿಸಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ಕೆಳಗಿಳಿದಳು. ಆ ಕಾರಿನ ಹೆಸರು ಇಲ್ಲಿ ಹೇಳುವುದಿಲ್ಲ, ಅದರ ತಪ್ಪೇನೂ ಇಲ್ಲ. ನನ್ನಂಥ ಐದಡಿ ಐದಂಗುಲದವನಿಗೆ ಅದು ಚಿನ್ನದಂಥ ಕಾರು.

ದಾರಿಯಲ್ಲಿ ಬರುತ್ತಾ ಅವಳು ಹೇಳಿದಳು: “ಬಸ್ಸು, ಬೆಂಚು, ಬಾಗಿಲು, ಎಲ್ಲಾ ಕಡೆ ನಾನೇ ಬಗ್ಗಿದ್ದೀನಿ ತಾತ. ರೂಢಿಯಾಗ್ಬಿಟ್ಟಿದೆ.”

“ಬಾಗಿಲಿಗೆ ಬಗ್ಗಿದರೆ ನಷ್ಟವಿಲ್ಲ ಪುಟ್ಟಿ. ಬ್ರೇಕಿನ ವಿಷಯದಲ್ಲಿ ಅಡ್ಜಸ್ಟ್ ಆಗುವ ಹಾಗಿಲ್ಲ” ಎಂದೆ.

ಆ ರಾತ್ರಿ ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ಎತ್ತರದವರು ಕಾರಿನಲ್ಲಿ ಕೂತು ನೋಡಬೇಕಾದದ್ದು ಇಷ್ಟು. ತಲೆಗೂ ಚಾವಣಿಗೂ ನಡುವೆ ಒಂದು ಮುಷ್ಟಿ ಹಿಡಿಯಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗ ಕಾಲು ಸ್ವಲ್ಪ ಮಡಿಸಿದಂತೆಯೇ ಇರಬೇಕು, ಮೊಣಕಾಲು ಎಲ್ಲಿಯೂ ತಾಗಬಾರದು. ಬೆನ್ನು ಸೀಟಿಗೆ ಅಂಟಿದ್ದಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ಎಟುಕಬೇಕು. ಏರ್‌ಬ್ಯಾಗ್ ಸ್ಟೀರಿಂಗಿನಿಂದ ಹೊರಗೆ ಚಿಮ್ಮುವುದರಿಂದ ಎದೆಗೂ ಸ್ಟೀರಿಂಗಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ತಲೆಯ ಹಿಂದಿನ ದಿಂಬು, ಅಂದರೆ ಹೆಡ್‌ರೆಸ್ಟ್, ಕುತ್ತಿಗೆಯ ಮಟ್ಟದಲ್ಲೇ ನಿಂತರೆ ಸಾಲದು. ಹಿಂದಿನಿಂದ ಯಾರಾದರೂ ಗುದ್ದಿದರೆ ಕುತ್ತಿಗೆಯನ್ನು ಕಾಯುವುದೇ ಅದು. ಮೇಲಕ್ಕೆಳೆದಾಗ ತಲೆಯ ಹಿಂಭಾಗಕ್ಕೆ ಬರಬೇಕು.

ಇನ್ನೊಂದು ವಿಷಯ ನಮ್ಮ ಹಳೆಯ ಮೆಕ್ಯಾನಿಕ್ ಹೇಳಿಕೊಟ್ಟರು. “ಸಾರ್, ಸ್ಟೀರಿಂಗ್ ಮೇಲೆ ಕೆಳಗೆ ಆಡೋದು ಬೇಕಾದಷ್ಟು ಕಾರಲ್ಲಿದೆ. ಮೈಕಡೆಗೆ ಎಳ್ಕೊಳ್ಳೋದು ಕೆಲವುದರಲ್ಲೇ. ಮೇಡಂಗೆ ಅದು ಬೇಕು.” ಎತ್ತರದವರು ಕಾಲಿಗೆ ಜಾಗ ಮಾಡಲು ಸೀಟನ್ನು ಹಿಂದಕ್ಕೆ ತಳ್ಳುತ್ತಾರೆ, ಆಗ ಕೈಗೆ ಸ್ಟೀರಿಂಗ್ ಎಟುಕುವುದಿಲ್ಲ, ಬೆನ್ನು ಬಗ್ಗುತ್ತದೆ. ಸ್ಟೀರಿಂಗೇ ಹತ್ತಿರ ಬಂದರೆ ಬೆನ್ನು ನೆಟ್ಟಗಿರುತ್ತದೆ. ಪೋಲೊದಲ್ಲಿ ಈ ಸೌಕರ್ಯವಿದೆ. 2015ರಲ್ಲಿ ಬಂದ ಬಲೆನೊದ ಮೇಲಿನ ದರ್ಜೆಯ ಮಾಡೆಲುಗಳಲ್ಲೂ ಇದೆ, ಕೆಳಗಿನ ದರ್ಜೆಯವುಗಳಲ್ಲಿ ಇಲ್ಲ. ಹೊರಗಿನಿಂದ ಎರಡೂ ಒಂದೇ ಕಾರು. ಆದ್ದರಿಂದ ಬರೀ ಕಾರಿನ ಹೆಸರು ಕೇಳಿದರೆ ಸಾಲದು, ಯಾವ ದರ್ಜೆ ಎಂದೂ ಕೇಳಬೇಕು.

ಮುಂದಿನದು ಪೆಟ್ರೋಲಿನ ಲೆಕ್ಕ. ಮಕ್ಕಳೇ, ಪೆನ್ಸಿಲ್ ತಗೊಳ್ಳಿ. ಒಬ್ಬರು ಲೀಟರಿಗೆ 10 ಕಿ.ಮೀ. ಓಡುವ ಕಾರು ಬಿಟ್ಟು 15 ಓಡುವುದನ್ನು ಕೊಂಡರು. ಪಕ್ಕದ ಮನೆಯವರು 15ರದು ಬಿಟ್ಟು 20ರದು ಕೊಂಡರು. ಇಬ್ಬರೂ ತಿಂಗಳಿಗೆ 1000 ಕಿ.ಮೀ. ಓಡಿಸುತ್ತಾರೆ. ಇಬ್ಬರಿಗೂ ಐದೈದು ಕಿ.ಮೀ. ಹೆಚ್ಚಾಯಿತು, ಉಳಿತಾಯವೂ ಸಮ ಎನ್ನುತ್ತೀರಾ? ಭಾಗಿಸಿ ನೋಡಿ. ಮೊದಲನೆಯವರಿಗೆ 100 ಲೀಟರ್ ಬೇಕಿದ್ದದ್ದು ಸುಮಾರು 67ಕ್ಕೆ ಇಳಿಯಿತು, ಉಳಿದದ್ದು 33 ಲೀಟರ್. ಎರಡನೆಯವರಿಗೆ 67ರಿಂದ 50, ಉಳಿದದ್ದು 17 ಮಾತ್ರ! ಮೈಲೇಜ್ ಮೇಲಕ್ಕೆ ಹೋದಷ್ಟೂ ಉಳಿತಾಯ ಸಣ್ಣದಾಗುತ್ತಾ ಹೋಗುತ್ತದೆ.

ನಮ್ಮ ಪಟ್ಟಿಯಲ್ಲಿ ಕೊನೆಗೆ ಎರಡು ಕಾರು ಉಳಿದವು. ಓಡಿಸುವವರು ಹೇಳಿದ ಪ್ರಕಾರ ಒಂದು ಲೀಟರಿಗೆ 14, ಇನ್ನೊಂದು 18. ಪುಟ್ಟಿಯ ಓಡಾಟವೂ ತಿಂಗಳಿಗೆ 1000 ಕಿ.ಮೀ. ಇದೆ. ಮೊದಲನೆಯದಕ್ಕೆ ಸುಮಾರು 71 ಲೀಟರ್, ಎರಡನೆಯದಕ್ಕೆ 55 ಚಿಲ್ಲರೆ. ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ಸುಮಾರು 1,600 ರೂಪಾಯಿ ಉಳಿತಾಯ. ಎರಡನೆಯದರ ಬೆಲೆ 40,000 ರೂಪಾಯಿ ಹೆಚ್ಚು. 40,000ವನ್ನು 1,600ರಿಂದ ಭಾಗಿಸಿದರೆ 25 ತಿಂಗಳು. ಎರಡು ವರ್ಷದ ಮೇಲೆ ಇಟ್ಟುಕೊಳ್ಳುವುದಾದರೆ ಲಾಭ, ಇಲ್ಲವಾದರೆ ನಷ್ಟ. “ಐದು ವರ್ಷ ಇಟ್ಕೋತೀನಿ” ಎಂದಳು ಪುಟ್ಟಿ.

ಆ ಎರಡನೆಯದು ನಮ್ಮ ಕೆಂಗೇರಿ ಉಪನಗರದಲ್ಲೇ ಇತ್ತು. ನಿವೃತ್ತ ಮೇಷ್ಟ್ರೊಬ್ಬರ 2017ರ ಬಲೆನೊ, ಮೇಲಿನ ದರ್ಜೆಯದು, ಬೂದು ಬಣ್ಣ. ಬೆಳಿಗ್ಗೆ ಆರೂವರೆಗೇ ಹೋದೆವು. ತಣ್ಣಗಿರುವ ಎಂಜಿನ್ ಒಂದೇ ಸಲಕ್ಕೆ ಹತ್ತುತ್ತದೆಯೇ, ಹೊಗೆ ಬರುತ್ತದೆಯೇ ಎಂದು ನೋಡಬೇಕಲ್ಲ. ಮೊದಲೇ ಬಿಸಿ ಮಾಡಿಟ್ಟ ಕಾರು ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಮೀಟರಿನಲ್ಲಿ 52,000 ಕಿ.ಮೀ. ಇತ್ತು. ನಾನು ಅದನ್ನು ನಂಬಲಿಲ್ಲ. ಸರ್ವೀಸ್ ಬಿಲ್ಲುಗಳನ್ನು ಕೇಳಿ ಒಂದೊಂದರ ಕಿ.ಮೀ. ಕೂಡ ತಾಳೆ ನೋಡಿದೆ. ಪೆಡಲಿನ ರಬ್ಬರ್ ಸವೆದಿದೆಯೇ ಎಂದು ಬಗ್ಗಿ ನೋಡಿದೆ. ಮೇಷ್ಟ್ರು ನಕ್ಕು, “ನೀವು ಬ್ಯಾಂಕಿನವರಾ?” ಎಂದರು.

ಪುಟ್ಟಿ ಒಳಗೆ ಕೂತಳು. ಸೀಟನ್ನು ಪೂರ್ತಿ ಕೆಳಗಿಳಿಸಿದಳು, ಹಿಂದಕ್ಕೆ ತಳ್ಳಿದಳು, ಸ್ಟೀರಿಂಗನ್ನು ತನ್ನ ಕಡೆ ಎಳೆದುಕೊಂಡಳು. ನಾನು ಹೇಳುವ ಮೊದಲೇ ಬ್ರೇಕ್ ಒತ್ತತೊಡಗಿದಳು, ಬಾಯಲ್ಲಿ ಎಣಿಕೆ. ಇಪ್ಪತ್ತಾದರೂ ಟಕ್ಕೆನ್ನಲಿಲ್ಲ. ಕೊಮ್ಮಘಟ್ಟದ ಕಡೆಗೆ ಒಂದು ಸುತ್ತು ಹೋಗಿಬಂದೆವು. ಖಾಲಿ ಕಾರಿನ ತೂಕ 900 ಕೆ.ಜಿ.ಗಿಂತ ಕಡಿಮೆ. ಹಗುರವಾದದ್ದು ಚುರುಕಾಗಿ ಓಡುತ್ತದೆ, ಕಡಿಮೆಯನ್ನೂ ಕುಡಿಯುತ್ತದೆ. ಸ್ಪೋರ್ಟಿ ಎನ್ನುವುದರ ಗುಟ್ಟು ಹಿಂದಿನ ರೆಕ್ಕೆಗಿಂತ ಈ ತೂಕದಲ್ಲೇ ಹೆಚ್ಚು ಇರುವುದು. ಪುಟ್ಟಿ ಒಮ್ಮೆ ಆಕ್ಸಿಲರೇಟರ್ ಒತ್ತಿ ನನ್ನ ಕಡೆ ನೋಡಿದಳು. “ಬಂದೆ ಅಂತು ತಾತ!”

ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳಿದ್ದವು, 1117. ಅಂದರೆ 2017ನೇ ಇಸವಿಯ ಹನ್ನೊಂದನೇ ವಾರದಲ್ಲಿ ತಯಾರಾದ ಟೈರು. ಸವೆದಿಲ್ಲದಿದ್ದರೂ ರಬ್ಬರಿಗೆ ವಯಸ್ಸಾಗಿದೆ. ನಾಲ್ಕೂ ಬದಲಾಯಿಸಬೇಕು ಎಂದು ಬೆಲೆ ಇಳಿಸಿದೆವು. 4,60,000ಕ್ಕೆ ಮಾತು ಮುಗಿಯಿತು. ಉಳಿದ 40,000 ಟೈರಿಗೆ, ವಿಮೆಗೆ, ಹೆಸರು ಬದಲಾವಣೆಗೆ. ಕೈಯಲ್ಲಿರುವಷ್ಟನ್ನೂ ಕಾರಿಗೇ ಸುರಿಯಬಾರದು.

ಅಜ್ಜ ಅಜ್ಜಿಯರಿಗೆ ಕಾಗದದ ವಿಷಯ ನಾಲ್ಕು ಮಾತು. ಆರ್.ಸಿ.ಯಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲಿರುವುದರೊಂದಿಗೆ ಹೋಲಿಸಿ ನೋಡಿ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ಇನ್ನೂ ದಾಖಲೆಯಲ್ಲಿದೆ ಎಂದರ್ಥ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಫಾರಂ 35 ಇಲ್ಲದೆ ಹಣ ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನದೊಳಗೆ ಅರ್ಜಿ ಕೊಡಬೇಕು. ‘ಆಮೇಲೆ ಮಾಡೋಣ ಬಿಡಿ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಮಾರುವವರಿಗೂ ಇದು ಒಳ್ಳೆಯದು. ದಾಖಲೆಯಲ್ಲಿ ಹೆಸರು ಇರುವವರೆಗೆ ಪೊಲೀಸ್ ನೋಟಿಸು ಬರುವುದು ಅವರ ಮನೆಗೇ.

ಕಾರು ಮನೆಗೆ ಬಂದ ದಿನ ಪುಟ್ಟಿ ಅಜ್ಜಿಯ ಹತ್ತಿರ, “ಕೆಂಪು ಬಣ್ಣ ಒಂದು ತಪ್ಪಿಹೋಯ್ತು ಅಜ್ಜಿ” ಎಂದಳು. ಅಜ್ಜಿ ಪೂಜೆಯ ತಟ್ಟೆಯಿಂದ ಕುಂಕುಮ ತೆಗೆದು ಬಾನೆಟ್ಟಿನ ಮೇಲೆ ಧಾರಾಳವಾಗಿ ಬಳಿದು, “ತಗೋ, ಕೆಂಪಾಯ್ತು” ಎಂದಳು.

ಈಗ ರಾತ್ರಿ ಪಾಳಿ ಮುಗಿಸಿ ಅವಳು ಬಂದಾಗ ಗೇಟಿನ ಹತ್ತಿರ ದೀಪದ ಬೆಳಕು ಬೀಳುತ್ತದೆ. ನಾನು ಕಿಟಕಿಯಿಂದ ನೋಡುತ್ತೇನೆ. ಬೆನ್ನು ಸೀಟಿಗೆ ಆನಿಸಿ ನೆಟ್ಟಗೆ ಕೂತಿರುತ್ತಾಳೆ. ಮನೆಯ ಬಾಗಿಲಿಗೆ ಬಂದಾಗ ಮಾತ್ರ ಹಳೆಯ ಅಭ್ಯಾಸದಂತೆ ತಲೆ ಬಗ್ಗಿಸುತ್ತಾಳೆ. ನಮ್ಮ ಬಾಗಿಲು ಆರೂವರೆ ಅಡಿ ಇದೆ, ಬಗ್ಗುವ ಅಗತ್ಯವಿಲ್ಲ. ಅದನ್ನು ಇನ್ನೂ ಅವಳಿಗೆ ಹೇಳುತ್ತಲೇ ಇದ್ದೇನೆ.

ಮಕ್ಕಳೇ, ಈ ವಾರದ ಕೆಲಸ: ಮನೆಯ ಸ್ಕೂಟರೋ ಕಾರೋ ಇದ್ದರೆ ಅದರ ಟೈರಿನ ಮೇಲಿನ ನಾಲ್ಕು ಅಂಕಿ ಹುಡುಕಿ, ಟೈರಿಗೆ ಎಷ್ಟು ವಯಸ್ಸಾಯಿತು ಎಂದು ಲೆಕ್ಕ ಹಾಕಿ ಅಪ್ಪ ಅಮ್ಮನಿಗೆ ಹೇಳಿ. ಮುಂದಿನ ವಾರ ಸಿಗೋಣ.