ಒಡೆಯರಿಲ್ಲದ ಗಂಟು

ವಾರಸುದಾರರಿಲ್ಲದ ಸಾಮಾನನ್ನು ಮುಟ್ಟಬೇಡಿರೆಂದು ರೈಲು ನಿಲ್ದಾಣಗಳಲ್ಲಿ ಸಾರುತ್ತಿರುವುದು ವ್ಯರ್ಥಪ್ರಲಾಪವಲ್ಲ. 2014ರ ಮೇ 1ರಂದು ಬೆಂಗಳೂರಿನಿಂದ ಗುವಾಹಟಿಗೆ ಹೊರಟಿದ್ದ ರೈಲಿನಲ್ಲಿ, ಆಸನಗಳಡಿ ಅಡಗಿಸಿದ್ದ ಬಾಂಬುಗಳು ಚೆನ್ನೈ ನಿಲ್ದಾಣದಲ್ಲಿ ಸಿಡಿದು ಓರ್ವ ತರುಣಿ ಅಸುನೀಗಿದಳು. ಇಷ್ಟಾದರೂ ನಮ್ಮ ಬಸ್ಸುಗಳಲ್ಲಿ ನಡೆಯುತ್ತಿರುವುದೇನು? ಕಿಟಕಿಯಿಂದ ಚೀಲವನ್ನೆಸೆದು ಸೀಟು ಹಿಡಿದವರು ಕಾಫಿ ಕುಡಿಯಲು ತೆರಳುತ್ತಾರೆ. (ಟವೆಲಿನ ಮಾತು ಬೇರೆ, ಅದು ಸಿಡಿಯದು!) ಅನಾಥ ಚೀಲಗಳೇ ಸರ್ವಸಾಮಾನ್ಯವಾದಲ್ಲಿ ಸಂಶಯಾಸ್ಪದವಾದುದನ್ನು ಗುರುತಿಸುವವರಾರು? ಯಂತ್ರದಿಂದ ಕೂಗಿಸಿದ ಮಾತ್ರಕ್ಕೆ ಅಧಿಕಾರಿಗಳ ಕರ್ತವ್ಯವು ತೀರಿತೆಂದು ನಾವು ಒಪ್ಪಲಾರೆವು. ಬಸ್ಸು ಹೊರಡುವ ಮುನ್ನ ‘ಈ ಚೀಲ ಯಾರದು?’ ಎಂದು ಕಂಡಕ್ಟರರು ಕೇಳತಕ್ಕದ್ದು. ಉತ್ತರ ಬಾರದಿದ್ದರೆ ಜನರನ್ನಿಳಿಸಿ ಪೋಲೀಸರನ್ನು ಕರೆಯತಕ್ಕದ್ದು. ರೈಲಿನಲ್ಲಾದರೆ 139ಕ್ಕೆ ಫೋನು ಮಾಡಲು ವಾಚಕ ಮಹಾಶಯರು ಸಂಕೋಚಪಡಬಾರದು. ಅರ್ಧ ಗಂಟೆ ತಡವಾಯಿತೆಂದು ಗೊಣಗುವವರು ಗೊಣಗಲಿ.