ಊರಿನ ಅಂಚಿನ ನಡಿಗೆ

ಬಹುಕಾಲ ಪರಸ್ಥಳದಲ್ಲಿದ್ದು ಹುಟ್ಟೂರಿಗೆ ಮರಳಿದವನು ಮೊದಲು ಕಾಣಬಯಸುವುದು ಪೇಟೆಯನ್ನಲ್ಲ, ಊರಿನ ಅಂಚನ್ನು. ಮನೆಗಳ ಸಾಲು ಮುಗಿದು ಹೊಲ ಮೊದಲಾಗುವ ಆ ಎಡೆಯಲ್ಲಿಯೇ ಅವನ ಬಾಲ್ಯದ ಬಹುಭಾಗ ಕಳೆದಿರುತ್ತದೆ. ಇಂತಹ ನೆನಪನ್ನು ಕೆಲವರು ನಿರುಪಯುಕ್ತವಾದ ಹಂಬಲವೆಂದು ಹಳಿಯುವುದುಂಟು. ಆದರೆ ನೆನಪು ಕಾಲ್ನಡಿಗೆಯೊಡನೆ ಕೂಡಿದಾಗ ಬರಿಯ ಹಂಬಲವಾಗಿ ಉಳಿಯದು, ಅದು ತಿಳಿವಳಿಕೆಯಾಗುತ್ತದೆ.

ಇದಕ್ಕೆ ಧಾರವಾಡವು ಒಳ್ಳೆಯ ನಿದರ್ಶನ. ಪಡುವಣದ ಮಲೆನಾಡೂ ಮೂಡಣದ ಬಯಲುಸೀಮೆಯೂ ಸಂಧಿಸುವ ಎತ್ತರದ ನೆಲದ ಮೇಲೆ ಈ ಊರು ನೆಲೆಸಿದೆ. ಪಡುವಣಕ್ಕೆ ನಡೆದವನಿಗೆ ಕೆಂಪು ಮಣ್ಣು, ಭತ್ತದ ಗದ್ದೆ, ಮಾವಿನ ತೋಪುಗಳು ಎದುರಾಗುತ್ತವೆ. ಮೂಡಣಕ್ಕೆ ನಡೆದವನಿಗೆ ಎರೆಭೂಮಿ, ಜೋಳ, ಹತ್ತಿಯ ಹೊಲಗಳು. ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆಯು ಬೇಡ್ತಿಯನ್ನು ಕೂಡಿ, ಮುಂದೆ ಗಂಗಾವಳಿಯೆಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೂಡಣ ಇಳಿಜಾರಿನ ನೀರಾದರೋ ಹಳ್ಳಗಳಲ್ಲಿ ಹರಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಸಾಗುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ಎರಡು ಕಡಲುಗಳ ಪಾಲಾಗುವ ಈ ಸೋಜಿಗವನ್ನು, ಊರಿನ ಸುತ್ತ ನಡೆದವನಲ್ಲದೆ ಬೇರಾರು ಅರಿಯಬಲ್ಲರು?

ಅಂಚು ಎಂದೂ ಒಂದೆಡೆ ನಿಲ್ಲುವುದಿಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಇಲ್ಲಿ ಆರಂಭವಾಯಿತು. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಇಲ್ಲಿಗೆ ಬಂದಿತು. 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದವು. ವರಕವಿ ಬೇಂದ್ರೆಯವರು ಬಾಳಿದ ಸಾಧನಕೇರಿಯ ಆಚೆಗೂ ಊರು ಬೆಳೆದಿದೆ. ಬೆಳೆಯುವುದು ತಪ್ಪಲ್ಲ. ವಿದ್ಯಾಲಯಗಳೂ ಒಂದು ಕಾಲದ ಬಯಲಿನಲ್ಲಿಯೇ ತಲೆಯೆತ್ತಿದುವಲ್ಲವೆ? ನೆಲದ ಗುಣವನ್ನೂ ನೀರಿನ ದಾರಿಯನ್ನೂ ಅರಿಯದೆ ಬೆಳೆಯುವುದು ಮಾತ್ರ ತಪ್ಪು. ಕೆರೆಯ ಏರಿಯನ್ನು ಅಂದಗೊಳಿಸಿ, ಅದಕ್ಕೆ ನೀರು ತರುವ ಕಾಲುವೆಯ ಮೇಲೆ ಮನೆ ಕಟ್ಟಿದರೆ ಕೆರೆ ಉಳಿದಂತಾಗುವುದಿಲ್ಲ. ದಾರಿ ತಪ್ಪಿದ ನೀರು ಮಳೆಗಾಲದಲ್ಲಿ ಮನೆಯನ್ನೇ ಹೊಕ್ಕು ತನ್ನ ದಾರಿಯನ್ನು ಕೇಳುತ್ತದೆ.

ಕೆರೆಗಳ ರಕ್ಷಣೆಗಾಗಿ ಕರ್ನಾಟಕವು 2014ರಲ್ಲಿ ಪ್ರತ್ಯೇಕವಾದ ಕಾನೂನನ್ನೇ ರಚಿಸಿತು. ಆದರೆ ಯಾವ ಹಳ್ಳ ಎಲ್ಲಿ ಹರಿಯುತ್ತಿತ್ತು, ಯಾವುದು ದನ ಮೇಯುವ ಗೋಮಾಳವಾಗಿತ್ತು ಎಂಬುದನ್ನು ಬಲ್ಲವರೇ ಇಲ್ಲದ ಊರಿನಲ್ಲಿ ಕಾನೂನು ಯಾರ ಸಾಕ್ಷ್ಯವನ್ನು ಕೇಳಬೇಕು? ಕಾಗದದ ನಕಾಶೆಯು ಕಪಾಟಿನಲ್ಲಿ ಮಲಗಿರುತ್ತದೆ. ನಡೆದವರ ನೆನಪು ಎಚ್ಚರವಾಗಿರುತ್ತದೆ. ಆ ನೆನಪು ಹಿರಿಯರೊಡನೆಯೇ ಅಳಿದುಹೋದರೆ, ಕಳೆದುದೇನೆಂಬುದು ಕೂಡ ಮುಂದಿನವರಿಗೆ ತಿಳಿಯದು.

ಆದುದರಿಂದ ಬಿಡುವಿನ ದಿನವೊಂದರಲ್ಲಿ ಕಿರಿಯರು ತಮ್ಮ ಮನೆಯ ಹಿರಿಯರೊಡನೆ ಊರಿನ ಅಂಚಿನವರೆಗೆ ನಡೆಯುವುದು ಒಳ್ಳೆಯದು. ‘ಇಲ್ಲಿ ಮೊದಲು ಏನಿತ್ತು?’ ಎಂಬ ಒಂದು ಪ್ರಶ್ನೆ ಸಾಕು. ಅಜ್ಜನ ಬಾಯಲ್ಲಿ ಹಳ್ಳ ಮತ್ತೆ ಹರಿಯತೊಡಗುತ್ತದೆ. ಹುಟ್ಟೂರಿನ ಮೇಲಿನ ಪ್ರೀತಿಯು ಮಾತಿನಿಂದ ಸಿದ್ಧಿಸುವುದಲ್ಲ. ಅದರ ನೆಲವನ್ನು ಕಾಲಿನಿಂದ ಅಳೆದವನಿಗೆ ಮಾತ್ರ ಅದನ್ನು ಕಾಯುವ ಮನಸ್ಸು ಬರುತ್ತದೆ.